ಗಿಂತಕ್ಕಿಂತ ಗಿನ್ನ ಕೀಳೇ?

ಜೂನ್ ತಿಂಗಳ ಮಧ್ಯಾಹ್ನ. ಶ್ರೀನಿವಾಸಪುರದ ಮಾವಿನ ಮಂಡಿಯಿಂದ ತೋತಾಪುರಿ ಹೇರಿಕೊಂಡ ಲಾರಿಗಳು ಚಿತ್ತೂರಿನ ಕಡೆಯ ಪಲ್ಪ್ ಫ್ಯಾಕ್ಟರಿಗಳಿಗೆ ಹೊರಟಿವೆ. ಮಂಡಿಯ ಹಿಂದಿನ ಬೀದಿಯಲ್ಲೊಂದು ಮನೆಯ ಜಗಲಿ. ಮುಳಬಾಗಿಲು ಸುತ್ತಿನ ಶಾಲೆಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರು ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದಾರೆ. ಎದುರಿಗೆ ಅವರ ಹಳೆಯ ವಿದ್ಯಾರ್ಥಿನಿ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎರಡು ವರ್ಷ ಓದಿ ರಜೆಗೆ ಬಂದಿದ್ದಾಳೆ. ಜಗಲಿಯ ಆ ತುದಿಯಲ್ಲಿ ಮೇಷ್ಟ್ರ ಮೊಮ್ಮಗ ಮುಖ ಊದಿಸಿಕೊಂಡು ಪೆನ್ಸಿಲ್ ಕಚ್ಚುತ್ತಿದ್ದಾನೆ.

ಹುಡುಗಿ: ಸಾರ್, ಪಾಪ ಆ ಹುಡುಗನ ಪುಸ್ತಕದ ತುಂಬ ಇಷ್ಟೊಂದು ಕೆಂಪು ಮಸಿ ಯಾಕೆ?

ಮೇಷ್ಟ್ರು: ನೀನೇ ಓದಮ್ಮ. ‘ನಮ್ಮ ಊರಿನ ಹಣ್ಣು’ ಅಂತ ಪ್ರಬಂಧ. ಎರಡನೇ ಸಾಲಿಗೇ ಎಡವಿದ್ದಾನೆ. ‘ತೋತಾಪುರಿಗಿನ್ನ ಬಾದಾಮಿ ಸಿಹಿ.’ ಗಿನ್ನ ಅಂತೆ ಗಿನ್ನ!

ಹುಡುಗಿ: ಬಾದಾಮಿ ಸಿಹಿ ಅನ್ನೋದು ಸುಳ್ಳಲ್ಲವಲ್ಲ.

ಮೇಷ್ಟ್ರು: ಹಣ್ಣಿನ ಬಗ್ಗೆ ನನ್ನ ತಕರಾರಿಲ್ಲ. ‘ಗಿಂತ’ ಅಂತ ಬರೀಬೇಕಿತ್ತು. ನಿನಗೂ ಇದನ್ನೇ ತಿದ್ದಿದ್ದೆ, ಮರೆತೆಯಾ?

ಹುಡುಗಿ: ಮರೆಯೋದು ಹೇಗೆ ಸಾರ್? ನನ್ನದು ಇನ್ನೂ ಕೆಟ್ಟದಾಗಿತ್ತು. ‘ನನ್ನಕಿಂತ ನಮ್ಮಕ್ಕ ಎತ್ತರ’ ಅಂತ ಬರೆದಿದ್ದೆ. ನಮ್ಮನೆ ಮಾತು ತೆಲುಗು. ‘ನಾಕಂಟೆ’ ಅನ್ನೋದನ್ನ ಹಂಗಂಗೇ ಕನ್ನಡಕ್ಕೆ ಇಳಿಸಿದ್ದೆ. ನೀವು ಬೋರ್ಡಿನ ಮೇಲೆ ‘ನನಗಿಂತ’ ಅಂತ ಹತ್ತು ಸಲ ಬರೆಸಿದ್ರಿ. ಆದರೆ ಜರ್ಮನಿಗೆ ಹೋದ ಮೇಲೆ ಆ ಹತ್ತು ಸಲದ ಬಗ್ಗೆ ನನಗೆ ಬೇರೆ ಯೋಚನೆ ಬಂತು.

ಮೇಷ್ಟ್ರು: ಜರ್ಮನಿಗೂ ನನ್ನ ಬೋರ್ಡಿಗೂ ಎಲ್ಲಿಯ ನಂಟಮ್ಮ?

ಹುಡುಗಿ: ಹೇಳ್ತೀನಿ. ಬೆಂಗಳೂರಿನಲ್ಲಿ ಜರ್ಮನ್ ಕಲಿಯುವಾಗ ಒಂದು ನಿಯಮ ಹೇಳಿಕೊಟ್ಟಿದ್ದರು. ಇಬ್ಬರು ಸಮ ಇದ್ದರೆ ನಡುವೆ ‘ವೀ’ ಬರಬೇಕು: ‘ಸೋ ಗ್ರೋಸ್ ವೀ ಇಶ್’, ನನ್ನಷ್ಟೇ ದೊಡ್ಡವನು. ಒಬ್ಬ ಹೆಚ್ಚಾದರೆ ‘ಆಲ್ಸ್’: ‘ಗ್ರೋಸರ್ ಆಲ್ಸ್ ಇಶ್’, ನನಗಿಂತ ದೊಡ್ಡವನು. ಅದಲು ಬದಲು ಮಾಡಿದರೆ ಅಂಕ ಹೋಯ್ತು. ಸ್ಟುಟ್‌ಗಾರ್ಟ್‌ಗೆ ಹೋಗಿ ಇಳಿದೆ. ಬಾಡಿಗೆ ಮನೆಯ ಅಜ್ಜಿ ಮೊದಲ ದಿನವೇ ‘ಗ್ರೋಸರ್ ವೀ’ ಅಂದರು. ಬೇಕರಿಯವನೂ ‘ವೀ’, ಬಸ್ಸಿನಲ್ಲಿ ಪಕ್ಕ ಕೂತವರೂ ‘ವೀ’. ಒಂದು ವಾರ ಆಲ್ಸ್ ಕಿವಿಗೇ ಬೀಳಲಿಲ್ಲ.

ಮೇಷ್ಟ್ರು: ಅಜ್ಜಿ ಶಾಲೆ ನೋಡಿಲ್ಲವೇನೋ.

ಹುಡುಗಿ: ಅಜ್ಜಿ ನಿವೃತ್ತ ಶಾಲಾ ಮೇಷ್ಟರಮ್ಮ, ಸಾರ್! ಕೇಳಿದರೆ ನಕ್ಕರು. ‘ತರಗತಿಯಲ್ಲಿ ಆಲ್ಸ್ ಅಂತಲೇ ಕಲಿಸಿದೆ, ಅಡುಗೆಮನೆಯಲ್ಲಿ ವೀ ಅಂತಲೇ ಬದುಕಿದೆ’ ಅಂದರು.

ಮೇಷ್ಟ್ರು: ನೋಡು, ಆ ತಾಯಿಗೆ ವಿವೇಕ ಇದೆ. ಅಡುಗೆಮನೆಗೊಂದು, ತರಗತಿಗೊಂದು. ಈ ಪ್ರಬಂಧ ಅಡುಗೆಮನೆಯಲ್ಲ.

ಹುಡುಗಿ: ಅಲ್ಲೇ ಪ್ರಶ್ನೆ ಇರೋದು. ತರಗತಿಯ ಆ ಆಲ್ಸ್ ಎಲ್ಲಿಂದ ಬಂತು ಅಂತ ಹುಡುಕಿದೆ. ಸಾವಿರ ವರ್ಷದ ಹಿಂದಿನ ಜರ್ಮನ್‌ನಲ್ಲಿ ‘ಗಿಂತ’ದ ಜಾಗದಲ್ಲಿ ಇದ್ದದ್ದು ‘ಡನ್ನೆ’. ‘ಆಮೇಲೆ’ ಅನ್ನೋ ಅರ್ಥದ ಮಾತು ಅದು. ಇಂಗ್ಲಿಷಿನ ‘ದ್ಯಾನ್’ ಕೂಡ ಅದೇ ಬೇರಿನದು. ಆ ಡನ್ನೆಯೇ ಸವೆದು ‘ಡೆನ್’ ಆಯ್ತು. ಮಾರ್ಟಿನ್ ಲೂಥರ್ 1534ರಲ್ಲಿ ಪೂರ್ತಿ ಬೈಬಲ್ ಅಚ್ಚು ಹಾಕಿಸಿದಾಗ ಹೋಲಿಕೆಗೆ ಬಳಸಿದ್ದು ಈ ಡೆನ್ ಅನ್ನೇ. ಆಗ ಆಲ್ಸ್‌ನ ಕೆಲಸ ಬೇರೆ ಇತ್ತು, ‘ಅಷ್ಟೇ, ಹಾಗೇ’ ಅನ್ನೋ ಸಮದ ಹೋಲಿಕೆ. ಹದಿನಾರು, ಹದಿನೇಳನೇ ಶತಮಾನದಲ್ಲಿ ವೀ ಬಂದು ಆ ಸಮದ ಜಾಗದಲ್ಲಿ ಕೂತಿತು. ಜಾಗ ಕಳೆದುಕೊಂಡ ಆಲ್ಸ್ ಮೇಲಿನ ಮೆಟ್ಟಿಲಿಗೆ ಸರಿದು ಡೆನ್ ಅನ್ನು ತಳ್ಳಿತು. ಈಗ ದಕ್ಷಿಣದ, ಮಧ್ಯದ ಆಡುಮಾತುಗಳಲ್ಲಿ ವೀ ಅದೇ ಮೆಟ್ಟಿಲು ಹತ್ತಿ ಆಲ್ಸ್ ಅನ್ನು ತಳ್ಳುತ್ತಿದೆ. ಆಗ್ನೆಸ್ ಯೇಗರ್ ಅನ್ನೋ ವಿದ್ವಾಂಸೆ 2018ರಲ್ಲಿ ಇದರ ಮೇಲೇ ಒಂದು ದೊಡ್ಡ ಗ್ರಂಥ ತಂದಿದ್ದಾರೆ. ಇದೊಂದು ಚಕ್ರ, ಸುತ್ತುತ್ತಲೇ ಇರುತ್ತೆ ಅಂತ ಅವರ ವಾದ.

ಮೇಷ್ಟ್ರು: ಅಂದರೆ ಅತ್ತೆಯ ಕೋಣೆಗೆ ಸೊಸೆ ಬಂದಳು, ಸೊಸೆಯ ಕೋಣೆಗೆ ಅವಳ ಸೊಸೆ.

ಹುಡುಗಿ: ಸರಿಯಾಗಿ ಹೇಳಿದ್ರಿ. ನಡುವೆ ಅತ್ತೆ ಸೊಸೆ ಇಬ್ಬರೂ ಒಂದೇ ಕೋಣೆಯಲ್ಲಿದ್ದ ಕಾಲವೂ ಉಂಟು. ‘ಆಲ್ಸ್ ವೀ’ ಅಂತ ಎರಡನ್ನೂ ಜೋಡಿಸಿ ಹೇಳೋದು. ಗಯಟೆಯೇ ‘ಫೌಸ್ಟ್’ನಲ್ಲಿ ಹಾಗೆ ಬರೆದಿದ್ದಾನೆ. ಸ್ವಿಟ್ಜರ್ಲೆಂಡಿನ ಕಡೆಯ ಆಡುನುಡಿಗಳಲ್ಲಿ ಇವೆಲ್ಲ ಬಿಟ್ಟು ‘ವೇಡರ್’ ಅನ್ನೋ ಇನ್ನೊಂದೇ ಇದೆ. ನಿಮ್ಮ ಕೆಂಪು ಪೆನ್ನು ಲೂಥರ್‌ನ ಕಾಲದಲ್ಲಿ ಇದ್ದಿದ್ದರೆ ಆಲ್ಸ್ ಅಂತ ಬರೆದವನಿಗೇ ಸುತ್ತು ಬೀಳ್ತಿತ್ತು. ಇವತ್ತು ಅದೇ ಆಲ್ಸ್ ಶುದ್ಧ, ವೀ ಅಶುದ್ಧ. ಹಾಗಾದರೆ ಶುದ್ಧ ಅಂದರೆ ಏನು ಸಾರ್? ಒಂದು ಕಾಲದ ತಪ್ಪಿಗೆ ವಯಸ್ಸಾಗಿದೆ ಅಂತ ತಾನೆ?

(ಮೇಷ್ಟ್ರು ಪೆನ್ನಿಗೆ ಕ್ಯಾಪ್ ಹಾಕಿ ಪಕ್ಕಕ್ಕಿಟ್ಟರು. ಒಳಗಿನಿಂದ ಎರಡು ಲೋಟ ಕಾಫಿ ಬಂತು.)

ಮೇಷ್ಟ್ರು: ವಯಸ್ಸಾದದ್ದಕ್ಕೆ ಮರ್ಯಾದೆ ಕೊಡೋದು ತಪ್ಪೇನಲ್ಲ. ಅದಿರಲಿ, ನನಗೊಂದು ಅನುಮಾನ. ಸಮಕ್ಕೂ ವೀ, ಹೆಚ್ಚಿಗೂ ವೀ ಅಂದರೆ ನಿಮ್ಮ ಸ್ಟುಟ್‌ಗಾರ್ಟ್‌ನವರಿಗೆ ಗೊಂದಲ ಆಗಲ್ವೆ? ‘ಅಷ್ಟೇ ದೊಡ್ಡ’ ಯಾವುದು, ‘ಇನ್ನೂ ದೊಡ್ಡ’ ಯಾವುದು ಅಂತ ಗೊತ್ತಾಗೋದು ಹೇಗೆ?

ಹುಡುಗಿ: ಆಗಲ್ಲ ಸಾರ್. ಅವರ ವಿಶೇಷಣವೇ ವೇಷ ಬದಲಿಸುತ್ತೆ. ‘ಗ್ರೋಸ್’ ಅಂದರೆ ದೊಡ್ಡ, ‘ಗ್ರೋಸರ್’ ಅಂದರೆ ಇನ್ನೂ ದೊಡ್ಡ. ಆ ಬಾಲ ಇರುವಾಗ ನಡುವಿನ ಪದ ಯಾವುದಾದರೂ ಅರ್ಥ ಕೆಡಲ್ಲ.

ಮೇಷ್ಟ್ರು: ಸಿಕ್ಕಿಬಿದ್ದೆ ನೋಡು! ಅವರ ಬಾಗಿಲಿಗೆ ಎರಡು ಬೀಗ. ಒಂದು ವಿಶೇಷಣದ ಬಾಲದಲ್ಲಿ, ಇನ್ನೊಂದು ನಡುವಿನ ಪದದಲ್ಲಿ. ಒಂದು ಸಡಿಲವಾದರೂ ಇನ್ನೊಂದು ಕಾಯುತ್ತೆ. ನಮ್ಮ ಕನ್ನಡದಲ್ಲಿ? ‘ಸಿಹಿ’ ಯಾವಾಗಲೂ ಸಿಹಿಯೇ. ‘ದೊಡ್ಡ’ ಯಾವಾಗಲೂ ದೊಡ್ಡದೇ. ‘ತೋತಾಪುರಿಯಷ್ಟು ಸಿಹಿ’, ‘ತೋತಾಪುರಿಗಿಂತ ಸಿಹಿ’, ಸಿಹಿಗೆ ಏನೂ ಆಗಿಲ್ಲ. ಹೋಲಿಕೆಯ ಭಾರವೆಲ್ಲ ಆ ಒಂದು ‘ಗಿಂತ’ದ ಹೆಗಲ ಮೇಲಿದೆ. ಒಂದೇ ಬೀಗದ ಮನೆಯವರು ಬೀಗವನ್ನು ಹೆಚ್ಚು ಜೋಪಾನ ಮಾಡಬೇಕಲ್ವೇನಮ್ಮ?

ಹುಡುಗಿ: ಒಪ್ಪಿದೆ ಸಾರ್, ಇದು ನನಗೆ ಹೊಳೆದಿರಲಿಲ್ಲ. ಜರ್ಮನ್‌ನಲ್ಲಿ ಸಮದ ಪದ ಮೇಲಿನ ಮೆಟ್ಟಿಲು ಹತ್ತಿದ್ದು ಆ ಬಾಲದ ಬೆಂಬಲ ಇದ್ದದ್ದಕ್ಕೇ. ಕನ್ನಡದಲ್ಲಿ ‘ಅಷ್ಟು’ ಎಂದೂ ‘ಗಿಂತ’ದ ಜಾಗಕ್ಕೆ ಬರಲಾರದು, ಬಂದರೆ ಮಾತೇ ಮುರಿದುಬೀಳುತ್ತೆ. ಆದರೆ ಈ ಹುಡುಗ ‘ಅಷ್ಟು’ ಅಂತ ಬರೆದಿಲ್ಲವಲ್ಲ. ‘ಗಿನ್ನ’ ಅಂತ ಬರೆದಿದ್ದಾನೆ. ಬೀಗ ಭದ್ರವಾಗಿಯೇ ಇದೆ. ಕೀಲಿಕೈ ನಮ್ಮೂರ ಕಮ್ಮಾರ ಮಾಡಿದ್ದು, ಅಷ್ಟೆ.

ಮೇಷ್ಟ್ರು: ಆ ಕಮ್ಮಾರ ಆಂಧ್ರದ ಗಡಿಯಾಚೆಯವನು ಅಂತ ನನ್ನ ಗುಮಾನಿ. ತೆಲುಗಿನಲ್ಲಿ ‘ನಾಕನ್ನಾ’ ಅಂತೀರಲ್ಲ, ಆ ‘ಕನ್ನಾ’ನೇ ಇಲ್ಲಿ ‘ಗಿನ್ನ’ ಆಗಿ ಕೂತಿದೆ.

ಹುಡುಗಿ: ಹಾಗಾದರೆ ಮಂಡ್ಯದ ಕಡೆಯ ಹಳ್ಳಿಯವರೂ ‘ನಂಗಿನ್ನ’ ಅಂತಾರಲ್ಲ ಸಾರ್. ಅವರಿಗೆ ಯಾವ ತೆಲುಗು? ನಮ್ಮ ಕೋಲಾರದವರು ಏನು ಮಾತಾಡಿದರೂ ತೆಲುಗಿನ ಗಾಳಿ ಅಂದುಬಿಡೋದು ಬೆಂಗಳೂರಿನವರ ಚಾಳಿ. ನೀವೂ ಅದನ್ನೇ ಹೇಳಬೇಕೆ?

ಮೇಷ್ಟ್ರು: (ನಗುತ್ತ) ಸರಿ, ಗುಮಾನಿ ವಾಪಸ್. ಹಾಗಾದರೆ ‘ಗಿಂತ’ದ ಜಾತಕವನ್ನಾದರೂ ಕೇಳು. ಹಳಗನ್ನಡದಲ್ಲಿ ಹೋಲಿಕೆಗೆ ‘ಇಂ’ ಪ್ರತ್ಯಯವೇ ಸಾಕಾಗಿತ್ತು. ‘ಅದಱಿಂ ಪಿರಿದು’ ಅಂದರೆ ಅದಕ್ಕಿಂತ ದೊಡ್ಡದು. ‘ಮರದಿಂದ ಬಿತ್ತು’ ಅಂತೀವಲ್ಲ, ಆ ‘ಇಂದ’ದ ಹಿರಿಯ ಅದು. ತಮಿಳಿನ ತೊಲ್ಕಾಪ್ಪಿಯಂ ಕೂಡ ಐದನೇ ವಿಭಕ್ತಿಯ ‘ಇನ್’ಗೆ ಹೋಲಿಕೆಯ ಅರ್ಥ ಕೊಡುತ್ತೆ. ಸಂಸ್ಕೃತದಲ್ಲೂ ಪಂಚಮಿಯೇ. ಯಾವುದರಿಂದ ಅಳತೆ ಶುರುವೋ ಅದರ ಬಾಲಕ್ಕೆ ‘ಇಂದ’. ಹೊಸಗನ್ನಡಕ್ಕೆ ಬರುವಷ್ಟರಲ್ಲಿ ಚತುರ್ಥಿಯ ‘ಗೆ’ ನಡುವೆ ನುಸುಳಿ, ಅದರ ಮೇಲೆ ‘ಇಂತ’ ಕೂತಿತು. ನನ್ನ ಕಿವಿಗೆ ಆ ‘ಇಂತ’ದೊಳಗೆ ಹಳೆಯ ‘ಇಂ’ ಈಗಲೂ ಮಿಡಿಯುತ್ತೆ.

ಹುಡುಗಿ: ಕಾಸರಗೋಡಿನ ಕಡೆಯ ಹವ್ಯಕ ಗೆಳತಿಯೊಬ್ಬಳು ಇದ್ದಾಳೆ. ಅವಳು ಮನೆಗೆ ಫೋನ್ ಮಾಡಿದಾಗ ‘ಎನ್ನಂದ ದೊಡ್ಡ’ ಅಂತಾಳೆ. ನೇರ ಆ ‘ಇಂದ’ವೇ. ನಾವು ಪುಸ್ತಕದಲ್ಲಿ ಹುಡುಕೋ ಹಳೆಯ ರೂಪ ಅವರ ಊಟದ ಎಲೆಯ ಮುಂದೆ ಇದೆ. ಅದಕ್ಕೇ ನಾನು ಹೇಳೋದು, ಆಡುನುಡಿಯೇ ಭಾಷೆಯ ಚರಿತ್ರೆ. ನಿಮ್ಮ ಕಿಟೆಲ್ ಸಾಹೇಬರೇ ಇದಕ್ಕೆ ಸಾಕ್ಷಿ.

ಮೇಷ್ಟ್ರು: ಕಿಟೆಲ್ ಯಾವಾಗ ನಿನ್ನ ಪಕ್ಷ ಸೇರಿದ? 1894ರಲ್ಲಿ ನಿಘಂಟು ಕೊಟ್ಟ ಪುಣ್ಯಾತ್ಮ, ಒಂದೊಂದು ಪದಕ್ಕೂ ಕಟ್ಟುನಿಟ್ಟು ಕಾಯ್ದವನು.

ಹುಡುಗಿ: 1903ರಲ್ಲಿ ಬಂದ ಅವರ ವ್ಯಾಕರಣದ ಹೆಸರು ನೋಡಿ ಸಾರ್. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಕನ್ನಡದ ಮೂರು ‘ಡಯಲೆಕ್ಟ್’ಗಳು ಅಂತ ಕರೆದಿದ್ದಾರೆ. ಪಂಪನದೂ ಒಂದು ಉಪಭಾಷೆ, ನಿಮ್ಮ ಪಠ್ಯಪುಸ್ತಕದ್ದೂ ಒಂದು ಉಪಭಾಷೆ! ಅವರು ಹಾಗೆ ಯೋಚಿಸಿದ್ದಕ್ಕೆ ಅವರ ಹುಟ್ಟೂರೂ ಕಾರಣ ಇರಬೇಕು ಅನ್ನಿಸುತ್ತೆ. 1832ರಲ್ಲಿ ಹುಟ್ಟಿದ್ದು ಜರ್ಮನಿಯ ಉತ್ತರ ಕಡಲಂಚಿನ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಅಲ್ಲಿಯ ಆಡುಮಾತಿನಲ್ಲಿ ‘ಗಿಂತ’ಕ್ಕೆ ‘ಆಸ್’. ಬಾಸೆಲ್ ಮಿಷನ್ ಸೇರಿ ದಕ್ಷಿಣಕ್ಕೆ ಬಂದರು, 1853ರಲ್ಲಿ ಕನ್ನಡ ನಾಡಿಗೆ. ಕಡೆಗೆ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, ನಮ್ಮ ಅಜ್ಜಿಯ ‘ವೀ’ ಸೀಮೆಯಲ್ಲಿ. ತನ್ನ ಭಾಷೆಯೇ ಊರಿಗೊಂದು ತರ ಹೋಲಿಸೋದನ್ನ ಕೇಳಿಸಿಕೊಂಡ ಮನುಷ್ಯ.

ಮೇಷ್ಟ್ರು: ಊರಿಗೊಂದು ತರ ಅನ್ನೋದಕ್ಕೆ ಅಷ್ಟು ದೂರ ಯಾಕಮ್ಮ? ಕವಿರಾಜಮಾರ್ಗದಲ್ಲೇ ಇದೆ. ಕನ್ನಡದ ದೇಸಿಗಳು ಬೇರೆ ಬೇರೆ, ವಾಸುಕಿಗೂ ಅರಿಯಲಾಗದೆ ಬೇಸರವಾದೀತು ಅಂತ ಒಂಬತ್ತನೇ ಶತಮಾನದಲ್ಲೇ ಹೇಳಿದ್ದಾರೆ. ಆದರೆ ನೆನಪಿಟ್ಟುಕೋ, ಅದನ್ನು ಹೇಳಿ ಆ ಪುಸ್ತಕ ಸುಮ್ಮನಾಗಲಿಲ್ಲ. ಬರೆಯೋರಿಗೆ ಒಂದು ಹದ ಬೇಕು ಅಂತ ದಾರಿ ಹಾಕಿಕೊಟ್ಟಿತು. ವೈವಿಧ್ಯ ಕಂಡವನೇ ಹದ ಹೇಳಿದ್ದು.

ಹುಡುಗಿ: ಹದ ಬೇಡ ಅಂತ ನಾನೂ ಹೇಳಲ್ಲ. ಹದಕ್ಕೆ ಹೊರಗಿದ್ದದ್ದು ತಪ್ಪು ಅನ್ನೋದು ಬೇಡ.

(ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತ ಹಾರ್ನ್ ಹೊಡೆಯಿತು. ಡ್ರೈವರು ತೆಲುಗಿನಲ್ಲಿ ಕೂಗಿದ, ಹಮಾಲಿ ಉರ್ದುವಿನಲ್ಲಿ ಉತ್ತರ ಕೊಟ್ಟ, ಮಂಡಿಯವನು ಕನ್ನಡದಲ್ಲಿ ಇಬ್ಬರನ್ನೂ ಬೈದ.)

ಹುಡುಗಿ: ಕೇಳಿಸಿಕೊಂಡಿರಾ? ನಮ್ಮ ನಾಲ್ಕು ತಾಲ್ಲೂಕು ಸುತ್ತಿದರೆ ಸಾಕು, ಹೋಲಿಕೆಯ ವ್ಯಾಕರಣವೆಲ್ಲ ಸಿಗುತ್ತೆ. ಮುಳಬಾಗಿಲು, ಶ್ರೀನಿವಾಸಪುರದ ತೆಲುಗಿನಲ್ಲಿ ‘ನಾಕಂಟೆ’. ಆ ‘ಕಂಟೆ’ ಕಾಣೋದಕ್ಕೆ ಸೇರಿದ್ದು, ನನ್ನನ್ನು ಕಂಡರೆ ಅವನು ದೊಡ್ಡವನು ಅಂದ ಹಾಗೆ. ಮಾಲೂರಿನಿಂದ ಹೊಸೂರಿನ ಬಸ್ಸು ಹತ್ತಿ, ತಮಿಳಿನಲ್ಲಿ ‘ಎನ್ನೈ ವಿಡ’. ‘ವಿಡ’ ಅಂದರೆ ಬಿಡೋದು, ನನ್ನನ್ನು ಬಿಟ್ಟು ಮುಂದೆ ಹೋದವನು. ಅವರಲ್ಲೇ ‘ಕಾಟ್ಟಿಲುಂ’ ಅಂತ ಇನ್ನೊಂದಿದೆ, ಅದು ತೋರಿಸೋದು. ಕೋಲಾರದ ಪೇಟೆಯ ದಖನಿಯಲ್ಲಿ ‘ಮೇರೆ ಸೇ ಬಡಾ’. ಅದು ನಿಮ್ಮ ಪಂಚಮಿ, ನನ್ನಿಂದ. ಒಬ್ಬ ಕಂಡು ಹೋಲಿಸ್ತಾನೆ, ಒಬ್ಬ ಬಿಟ್ಟು ಹೋಲಿಸ್ತಾನೆ, ಒಬ್ಬ ಅಲ್ಲಿಂದ ಹೊರಟು ಹೋಲಿಸ್ತಾನೆ.

ಮೇಷ್ಟ್ರು: ಇದು ಚೆನ್ನಾಗಿದೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ರೈಸ್ ಸಾಹೇಬರು 1905ರಲ್ಲಿ ನಮ್ಮ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟದಲ್ಲಿ ತಂದಾಗ ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ರಟ್ಟಿನೊಳಗೆ ಹಾಕಬೇಕಾಯ್ತು. ಗಡಿ ಅನ್ನೋದು ಈಚಿನದು. ಬೆರಕೆ ಹಳೆಯದು. ಆದರೆ ಅದಕ್ಕೇ ಹೇಳ್ತೀನಿ ಕೇಳು. ಮುಳಬಾಗಿಲಿನಲ್ಲಿ ನನ್ನ ತರಗತಿಯ ಅರ್ಧ ಮಕ್ಕಳ ಮನೆಮಾತು ಕನ್ನಡವಲ್ಲ. ತೆಲುಗು, ಉರ್ದು, ತಮಿಳು. ಅವರಿಗೆ ‘ಗಿಂತ’ವೂ ಹೊಸದು, ‘ಗಿನ್ನ’ವೂ ಹೊಸದು. ನಾನು ಎರಡೂ ಸರಿ ಅಂದರೆ ಗೆಲ್ಲೋರು ಯಾರು? ಮನೆಯಲ್ಲಿ ಕನ್ನಡ ಇರೋ ಮಕ್ಕಳು. ಯಾವುದು ಎಲ್ಲಿ ನಡೆಯುತ್ತೆ ಅನ್ನೋ ಮರ್ಮ ಅವರಿಗೆ ಹಾಲು ಕುಡಿಯುವಾಗಲೇ ಬಂದಿರುತ್ತೆ. ನಿನ್ನಂಥವಳಿಗೆ? ನಿನಗೆ ಬೇಕಾಗಿದ್ದದ್ದು ಒಂದು ನಿಯಮ, ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕೈಬಿಡದಂಥದ್ದು. ಆ ಹತ್ತು ಸಲದ ಬರಹವೇ ನಿನ್ನನ್ನು ಸ್ಟುಟ್‌ಗಾರ್ಟ್‌ವರೆಗೆ ಕಳಿಸಿದ್ದು ಅಂತ ನಾನೇನೂ ಜಂಬ ಪಡಲ್ಲ. ಆದರೆ ತಿದ್ದೋದು ಅಂದರೆ ತುಳಿಯೋದು ಅಂತ ಮಾತ್ರ ಹೇಳಬೇಡ.

ಹುಡುಗಿ: (ತುಸು ಹೊತ್ತು ಸುಮ್ಮನಿದ್ದು) ನನಗೆ ಅದು ಏಣಿಯಾಯ್ತು ಸಾರ್, ನಿಜ. ಆದರೆ ನನ್ನ ಪಕ್ಕದಲ್ಲಿ ಕೂತಿದ್ದವಳೊಬ್ಬಳಿದ್ದಳು. ಕನ್ನಡದ ಮನೆಯವಳು. ಹತ್ತು ಸಲ ಬರೆಸಿದ ಮೇಲೆ ತರಗತಿಯಲ್ಲಿ ಬಾಯಿ ಬಿಡೋದನ್ನೇ ನಿಲ್ಲಿಸಿದಳು. ಅವಳ ಅಮ್ಮ, ಅಜ್ಜಿ ಆಡೋ ಮಾತೇ ತಪ್ಪು ಅಂತ ಅವಳಿಗೆ ಅನ್ನಿಸಿತ್ತು. ಒಂದೇ ಕೆಂಪು ಗೆರೆ ನನಗೆ ಏಣಿ, ಅವಳಿಗೆ ಬೇಲಿ.

ಮೇಷ್ಟ್ರು: ...ಅದು ನನಗೆ ಗೊತ್ತಿರಲಿಲ್ಲ.

ಹುಡುಗಿ: ನಿಮ್ಮನ್ನು ದೂರೋದಕ್ಕೆ ಹೇಳಿದ್ದಲ್ಲ. ಬೇರೆ ತರದ ಮೇಷ್ಟ್ರುಗಿರಿಯೂ ಇದೆ ಅಂತ ಹೇಳೋದಕ್ಕೆ. ಜರ್ಮನಿಯಲ್ಲಿ ಗೇಯೋರ್ಗ್ ವೆಂಕರ್ ಅಂತ ಒಬ್ಬರಿದ್ದರು. 1876ರಲ್ಲಿ ರೈನ್ ನದಿಯ ಸೀಮೆಯ ಶಾಲೆಗಳಿಗೆ ಕಾಗದ ಕಳಿಸಿದರು. ‘ಈ ವಾಕ್ಯಗಳನ್ನು ನಿಮ್ಮೂರಿನ ಮಾತಿನಲ್ಲಿ ಬರೆದುಕೊಡಿ’ ಅಂತ. ಆಮೇಲೆ ಇಡೀ ದೇಶಕ್ಕೆ ಹಬ್ಬಿ, ನಲವತ್ತು ವಾಕ್ಯ, ನಲವತ್ತು ಸಾವಿರಕ್ಕೂ ಹೆಚ್ಚು ಊರು. ಬರೆದುಕೊಟ್ಟವರೆಲ್ಲ ಶಾಲಾ ಮೇಷ್ಟ್ರುಗಳು. ವೀ ಎಲ್ಲಿ, ಆಲ್ಸ್ ಎಲ್ಲಿ ಅಂತ ಇವತ್ತು ನಕ್ಷೆ ಬಿಡಿಸೋದಕ್ಕೆ ಆ ಕಾಗದಗಳೂ ಆಧಾರ. ಹದಿನೈದನೇ ವಾಕ್ಯ ನಿಮಗೇ ಬರೆದ ಹಾಗಿದೆ. ಇವತ್ತು ಎಲ್ಲರಿಗಿಂತ ಹೆಚ್ಚು ಕಲಿತ ಜಾಣ ಮಗುವಿಗೆ, ಉಳಿದವರಿಗಿಂತ ಮುಂಚೆ ಮನೆಗೆ ಹೋಗು ಅಂತ ಹೇಳೋ ಮಾತು. ಈಗ ವೆಂಕರ್ ನಿಮಗೆ ಬರೆದಿದ್ದಾರೆ ಅಂದುಕೊಳ್ಳಿ. ಹೇಗೆ ಹೇಳ್ತಿದ್ರಿ? ಪುಸ್ತಕದ್ದು ಬೇಡ, ತರಗತಿಯ ಬಾಗಿಲಲ್ಲಿ ನಿಂತು ಹೇಳೋದು.

ಮೇಷ್ಟ್ರು: (ಕಣ್ಣು ಮುಚ್ಚಿ) ‘ಲೋ ಮರಿ, ಇವತ್ತು ನೀನೇ ಕಣೋ ಚೆನ್ನಾಗ್ ಕಲ್ತಿದ್ದು. ಮಿಕ್ಕೋರ್ಗಿನ್ನ ಮುಂಚೆ ಮನೇಗೋಗು.’

(ಹುಡುಗಿ ನಕ್ಕಳು. ಆ ತುದಿಯಲ್ಲಿದ್ದ ಮೊಮ್ಮಗನೂ ತಲೆಯೆತ್ತಿ ನೋಡಿದ.)

ಮೇಷ್ಟ್ರು: ನಗು, ನಗು. ನಾನು ‘ಗಿನ್ನ’ ಅನ್ನಲ್ಲ ಅಂತ ಯಾವಾಗ ಹೇಳಿದ್ದೆ? ನನ್ನ ತಾಯಿ ಕೊಟ್ಟ ಮಾತು ಅದು. ಈಗ ನೀನು ಹೇಳು. ವೆಂಕರನಿಗೆ ಅಷ್ಟು ಚೆನ್ನಾಗಿ ವೀ ಅಂತ ಬರೆದುಕೊಟ್ಟ ಮೇಷ್ಟ್ರುಗಳು, ಕಾಗದ ಅಂಚೆಗೆ ಹಾಕಿ ಬಂದು ಮಾರನೆಯ ದಿನ ತರಗತಿಯಲ್ಲಿ ಏನು ಕಲಿಸಿದರು?

ಹುಡುಗಿ: ಆಲ್ಸ್.

ಮೇಷ್ಟ್ರು: ಹ್ಞಾಂ. ದಾಖಲೆ ಮಾಡೋದು ಬೇರೆ, ಕಲಿಸೋ ಹೊಣೆ ಬೇರೆ. ವೆಂಕರ್ ಪೋಸ್ಟ್ ಡಬ್ಬಿಯ ಆಚೆ ಇದ್ದ. ಮಕ್ಕಳು ಬೆಂಚಿನ ಮೇಲೆ ಇದ್ದರು.

ಹುಡುಗಿ: ಆದರೂ ಆ ಕಾಗದ ತುಂಬಿದ ಮೇಲೆ ಆ ಮೇಷ್ಟ್ರ ಕಣ್ಣಿಗೆ ಮಕ್ಕಳ ಮಾತು ಹಿಂದಿನ ಹಾಗೇ ಕಂಡಿತೇ? ತನ್ನೂರ ಮಾತನ್ನು ಬರೆದುಕಳಿಸೋದಕ್ಕೆ ಯಾರೋ ಕೇಳಿದರು ಅಂದಾಗ ಅದರ ಬೆಲೆ ಏರಿರಬೇಕು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬದುಕಿಡೀ ಹೇಳಿದ್ದೂ ಇದನ್ನೇ ಅಲ್ವೇ, ಕನ್ನಡದ ವ್ಯಾಕರಣವನ್ನು ಕನ್ನಡಿಗರ ಬಾಯಿಂದ ಬರೆಯಿರಿ ಅಂತ.

ಮೇಷ್ಟ್ರು: ಭಟ್ಟರ ವಿದ್ವತ್ತಿಗೆ ಕೈಮುಗೀತೀನಿ. ಆದರೆ ಯಾವ ಕನ್ನಡಿಗರ ಬಾಯಿ? ಕೋಲಾರದ್ದೋ ಕುಂದಾಪುರದ್ದೋ ಕಲಬುರಗಿಯದೋ? ಮಾಸ್ತಿಯವರು ಹುಟ್ಟಿದ್ದು ಇಲ್ಲೇ ಮಾಲೂರು ತಾಲ್ಲೂಕಿನಲ್ಲಿ, 1891ರಲ್ಲಿ. ಮನೆಮಾತು ತಮಿಳು. ಡಿವಿಜಿ ಅದಕ್ಕೆ ನಾಲ್ಕು ವರ್ಷ ಮುಂಚೆ ಮುಳಬಾಗಿಲಿನಲ್ಲಿ. ಇಬ್ಬರೂ ಇದೇ ಬೆರಕೆಯ ಗಾಳಿ ಕುಡಿದು ಬೆಳೆದವರು. ಅವರ ಬರಹವನ್ನು ಧಾರವಾಡದವನೂ ಮಂಗಳೂರಿನವನೂ ಓದಿದ್ದು ಹೇಗೆ? ಎಲ್ಲರಿಗೂ ನಡುವೆ ಒಂದು ಅಂಗಳ ಇತ್ತು. ಆ ಅಂಗಳದ ಹೆಸರೇ ಶಿಷ್ಟ ಕನ್ನಡ.

ಹುಡುಗಿ: ಅಂಗಳ ಇರಲಿ. ಆದರೆ ಅಂಗಳಕ್ಕೆ ಬರೋಕೆ ಮುಂಚೆ ಮನೆಯ ಮಾತನ್ನು ಬಾಗಿಲಾಚೆ ಬಿಟ್ಟು ಬರಬೇಕು ಅನ್ನೋದು ಯಾಕೆ? ಇನ್ನೊಂದು ಗಮನಿಸಿದ್ದೀರಾ ಸಾರ್? ಸಂಸ್ಕೃತದಲ್ಲಿ ಹೋಲಿಕೆಗೆ ‘ತರ’, ‘ತಮ’ ಅಂತ ಎರಡು ಪ್ರತ್ಯಯ. ನಾವು ಅವನ್ನು ನಮ್ಮ ‘ದೊಡ್ಡ’ಕ್ಕೂ ‘ಸಿಹಿ’ಗೂ ಅಂಟಿಸಲೇ ಇಲ್ಲ. ‘ದೊಡ್ಡತರ’ ಅಂತ ಯಾರೂ ಅನ್ನಲ್ಲ. ಆದರೆ ಆ ತರ–ತಮದಿಂದ ಹುಟ್ಟಿದ ‘ತಾರತಮ್ಯ’ವನ್ನು ಮಾತ್ರ ಮನೆಗೆ ಕರೆದುಕೊಂಡೆವು. ಹೋಲಿಸೋದಕ್ಕೆ ನಮಗೆ ಅವರ ವ್ಯಾಕರಣ ಬೇಕಾಗಲಿಲ್ಲ, ಹೋಲಿಸಿ ಕೀಳು ಮಾಡೋದಕ್ಕೆ ಬೇಕಾಯ್ತು.

ಮೇಷ್ಟ್ರು: ಮಾತು ಚೂಪಾಗಿದೆ, ಆದರೆ ಅರ್ಧವೇ ನಿಜ. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ’ ಅಂತಾರಲ್ಲ, ಅಲ್ಲಿ ಕೀಳು ಯಾರು? ಹೋಲಿಕೆ ಎಲ್ಲ ತಾರತಮ್ಯವಲ್ಲ. ತಕ್ಕಡಿ ಹಿಡಿದವರೆಲ್ಲ ಕಳ್ಳರಲ್ಲ. ಆ ಗಾದೆಯನ್ನೇ ನೋಡು. ನಮ್ಮಲ್ಲಿ ‘ಅತ್ಯಂತ’ಕ್ಕೆ ನಮ್ಮದೇ ಪ್ರತ್ಯಯ ಇಲ್ಲ. ‘ಗಿಂತ’ದ ಮುಂದೆ ‘ಇಲ್ಲ’ ಇಟ್ಟು ತಾಯಿಯನ್ನು ಎಲ್ಲರಿಗೂ ಮೇಲೆ ಕೂರಿಸಿದ್ದಾರೆ. ಆ ಗಾದೆ ಕಟ್ಟಿದವನು ಶಾಲೆಗೆ ಹೋದವನಲ್ಲ.

ಹುಡುಗಿ: ಅವನು ‘ಉಪ್ಪಿಗಿನ್ನ’ ಅಂದಿರಲೂಬಹುದು ಸಾರ್. ‘ಗಿಂತ’ ಅಂತ ಅಚ್ಚು ಮಾಡಿದವರು ನಿಮ್ಮಂಥ ಮೇಷ್ಟ್ರು.

ಮೇಷ್ಟ್ರು: (ಜೋರಾಗಿ ನಕ್ಕು) ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸರಿ, ಒಂದು ರಾಜಿ. ಕೆಂಪು ಬೇಡ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೀತೀನಿ: ‘ಗಿನ್ನ ಮನೆಗೆ, ಗಿಂತ ಬರಹಕ್ಕೆ.’ ಆಗಬಹುದೇ?

ಹುಡುಗಿ: ಅದೂ ಮೇಲು ಕೀಳೇ ಆಯ್ತಲ್ಲ. ಬರಹಕ್ಕೆ ಹೋಗೋದು ದೊಡ್ಡ ಮಗ, ಮನೆಯಲ್ಲಿ ಉಳಿಯೋದು ದಡ್ಡ ಮಗ.

ಮೇಷ್ಟ್ರು: ಹಾಗಾದರೆ ನೀನೇ ಹೇಳು, ನಾಳೆ ಈ ಹುಡುಗನ ಪುಸ್ತಕ ಅವನ ತರಗತಿಯ ಮೇಷ್ಟ್ರ ಕೈಗೆ ಹೋಗುತ್ತೆ. ನಿನ್ನ ವೆಂಕರ್ ಬಂದು ಅಂಕ ಕೊಡಿಸ್ತಾನಾ?

ಹುಡುಗಿ: ...ಇಲ್ಲ ಸಾರ್. ಕೊಡಿಸಲ್ಲ.

(ಇಬ್ಬರೂ ಸುಮ್ಮನಾದರು. ಆ ತುದಿಯಿಂದ ಮೊಮ್ಮಗ ಎದ್ದು ಬಂದ. ‘ಗಿನ್ನ’ ಇದ್ದ ಸಾಲನ್ನು ರಬ್ಬರಿನಿಂದ ಉಜ್ಜಿ ಬೇರೆ ಬರೆದಿದ್ದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು.)

ಮೇಷ್ಟ್ರು: ‘ಬಾದಾಮಿ ತುಂಬಾ ಸಿಹಿ. ತೋತಾಪುರಿಗೆ ಉಪ್ಪು ಖಾರ ಹಾಕಿಕೊಂಡು ತಿನ್ನಬೇಕು.’

ಹುಡುಗಿ: ಅಯ್ಯೋ! ಗಿಂತವೂ ಇಲ್ಲ, ಗಿನ್ನವೂ ಇಲ್ಲ.

ಮೇಷ್ಟ್ರು: ಜಗಳ ಕೇಳಿಸಿಕೊಂಡು ಸಾಲನ್ನೇ ಬೇಲಿ ಹಾರಿಸಿದ್ದಾನೆ. ತಪ್ಪು ಹುಡುಕಿದರೂ ಸಿಗ್ತಿಲ್ಲ.

ಹುಡುಗಿ: ಇದೂ ಹೋಲಿಕೆಯೇ ಸಾರ್. ‘ಅದು ದೊಡ್ಡದು, ಇದು ಚಿಕ್ಕದು’ ಅಂತ ಎರಡು ವಾಕ್ಯ ಪಕ್ಕ ಪಕ್ಕ ಇಟ್ಟು ಸುಮ್ಮನಾಗೋ ಭಾಷೆಗಳು ಲೋಕದಲ್ಲಿ ಎಷ್ಟೋ ಇವೆ. ಯಾವುದು ಮೇಲು ಅಂತ ಕೇಳಿದವರೇ ತೂಗಿಕೊಳ್ಳಲಿ ಅಂತ.

ಮೇಷ್ಟ್ರು: ಪರೀಕ್ಷೆಯಲ್ಲಿ ‘ಹೋಲಿಸಿ ಬರೆಯಿರಿ’ ಅಂತ ಬಂದರೆ ಆಗ ಏನು ಮಾಡ್ತೀಯೋ, ಮರಿ?

ಮೊಮ್ಮಗ: ಆಗ ನಿಮ್ಮದು ಬರೀತೀನಿ ತಾತ. ಈಗ ಆಟಕ್ಕೆ ಹೋಗಲಾ?

(ಮೇಷ್ಟ್ರು ‘ಹೋಗು’ ಅನ್ನುವಷ್ಟರಲ್ಲಿ ಅವನು ಬೀದಿಯಲ್ಲಿದ್ದ. ಪುಟದ ಮೇಲೆ ಉಜ್ಜಿದ ಜಾಗದ ಸುತ್ತ ಕೆಂಪು ಗೆರೆ ಹಾಗೇ ಉಳಿದಿತ್ತು, ಒಳಗೆ ಪದವಿಲ್ಲದೆ.)

ಹುಡುಗಿ: ಆ ಗೆರೆಯನ್ನೇನು ಮಾಡ್ತೀರಾ ಸಾರ್?

ಮೇಷ್ಟ್ರು: ಮಸಿ, ಅಳಿಸಲು ಬರಲ್ಲ. ಒಳಗಿನಿಂದ ಎರಡು ತೋತಾಪುರಿ ತಗೊಂಡು ಬಾ, ಉಪ್ಪು ಖಾರವೂ ಇರಲಿ. ಉಳಿದದ್ದನ್ನ ತಿಂತಾ ಜಗಳಾಡೋಣ.